ಆಲ್ಟನ್ ಸರ್‌ಗೆ ಮಾತು ಹೇಳಿಕೊಟ್ಟ ಚಳಿಗಾಲ

ಹೋದ ತಿಂಗಳು ನಮ್ಮ ಅಣ್ಣನ ಮೊಮ್ಮಗಳ ಸ್ಕೂಲ್ ಡೇಗೆ ಹೋಗಿದ್ದೆ. ಬೆಂಗಳೂರಿನ ಸ್ಕೂಲ್ ಡೇಗಳು ನಿಮಗೆ ಗೊತ್ತೇ ಇವೆ, ಮುಖ್ಯ ಅತಿಥಿಯ ಭಾಷಣ ಮುಗಿಯುವ ಹೊತ್ತಿಗೆ ಮಕ್ಕಳ ಮೇಕಪ್ಪು ಕರಗಿ ಗಲ್ಲಕ್ಕಿಳಿದಿರುತ್ತದೆ. ನಾನು ಆಕಳಿಸುತ್ತ ಕೂತಿದ್ದೆ. ಕೊನೆಗೂ ಯಾರೋ ವೇದಿಕೆಯ ದೊಡ್ಡ ಲೈಟುಗಳನ್ನು ಹಾಕಿದರು. ವರ್ಷವಿಡೀ ಮುಟ್ಟದೆ ಬಿಟ್ಟ ಲೈಟುಗಳು. ಅವುಗಳ ಮೇಲೆ ಕೂತಿದ್ದ ಧೂಳು ಕಾದು, ಸುಟ್ಟ ವಾಸನೆ ನಮ್ಮ ಸಾಲಿನವರೆಗೂ ಬಂತು. ಪಕ್ಕದಲ್ಲಿದ್ದ ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಎಲ್ಲೋ ವೈರು ಗೀರು ಸುಡುತ್ತಿರಬೇಕು ಎಂದು ಗಾಬರಿಯಾದರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ಆ ವಾಸನೆಯನ್ನು ನಾನು ಒಂದಿಡೀ ಚಳಿಗಾಲ ಉಸಿರಾಡಿದ್ದೇನೆ. ಅದು ಸ್ವೀಡನ್ನಿನ ಯೋಟೆಬೋರ್ಯ್ ಎಂಬ ಬಂದರು ಊರಿನಲ್ಲಿ, ಹಳೆಯ ಗೋದಾಮೊಂದನ್ನು ನಾಟಕಶಾಲೆ ಮಾಡಿಕೊಂಡಿದ್ದ ಜಾಗದಲ್ಲಿ.

ಎರಡು ಸಾವಿರದ ಐದರಲ್ಲಿ ನಮ್ಮವರನ್ನು ಅವರ ಕಂಪನಿ ಅಲ್ಲಿಗೆ ಕಳಿಸಿತ್ತು. ಊರಾಚೆಯ ಟೋರ್ಸ್‌ಲಾಂಡದ ಕಾರ್ ಕಾರ್ಖಾನೆಯಲ್ಲಿ ಬ್ರೇಕಿಗೆ ಸಂಬಂಧಪಟ್ಟ ಕೆಲಸ. ಸ್ವೀಡನ್ ಅಂದರೆ ಹಿಮ ಅಂದುಕೊಂಡು ಎರಡು ಸೂಟ್‌ಕೇಸು ಉಣ್ಣೆ ಬಟ್ಟೆ ತುಂಬಿಕೊಂಡು ಹೋದವಳಿಗೆ ಅಲ್ಲಿ ಸಿಕ್ಕಿದ್ದು ಮಳೆ. ನಮ್ಮ ಮಳೆಯ ಹಾಗೆ ಮೇಲಿಂದ ಕೆಳಕ್ಕೆ ಸುರಿಯುವ ಮರ್ಯಾದಸ್ಥ ಮಳೆ ಅಂದುಕೊಳ್ಳಬೇಡಿ, ಗಾಳಿಯ ಜೊತೆ ಸೇರಿ ಅಡ್ಡಡ್ಡ ಬಂದು ಮುಖಕ್ಕೆ ರಾಚುವಂಥದ್ದು. ಅಲ್ಲಿಯವರು ಕೊಡೆಯನ್ನೇ ಹಿಡಿಯುತ್ತಿರಲಿಲ್ಲ. ಮಧ್ಯಾಹ್ನದ ಕಾಫಿ ಕುಡಿದು ಲೋಟ ತೊಳೆಯುವಷ್ಟರಲ್ಲಿ ಕತ್ತಲು. ಮಗನನ್ನು ದಾಗಿಸ್‌ಗೆ, ಅಂದರೆ ಅಲ್ಲಿಯ ಶಿಶುವಿಹಾರಕ್ಕೆ ಬಿಟ್ಟು ಬಂದರೆ ಸಂಜೆಯವರೆಗೆ ನನಗೆ ಮಾತಾಡಲು ಗೋಡೆಯೇ ಗತಿ. ಮಗನೋ, ಕೆಲವೇ ತಿಂಗಳಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷಿನಲ್ಲಿ ಉತ್ತರ ಕೊಡತೊಡಗಿದ. ಅವನು ನನ್ನನ್ನು ಬೈಯುತ್ತಿದ್ದಾನೋ ಹೊಗಳುತ್ತಿದ್ದಾನೋ ಅಷ್ಟಾದರೂ ತಿಳಿಯಲಿ ಎಂದು ವಲಸೆ ಬಂದವರಿಗಾಗಿ ಕೊಮ್ಮೂನ್, ಅಂದರೆ ಅಲ್ಲಿಯ ನಗರಸಭೆ, ನಡೆಸುವ ಭಾಷಾ ತರಗತಿಗೆ ಸೇರಿದೆ.

ಆ ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಸ್ವಲ್ಪ ಭಾಷೆ ಬಂದ ಕೂಡಲೇ ಎಲ್ಲಾದರೂ ಕೆಲಸದ ಜಾಗಕ್ಕೆ ಕಳಿಸುವುದು, ಜನರ ನಡುವೆ ಕಲಿಯಲಿ ಎಂದು. ಊರಲ್ಲಿ ಏನು ಮಾಡುತ್ತಿದ್ದೆ ಎಂದು ಟೀಚರ್ ಕೇಳಿದರು. ಬಿ.ಕಾಂ. ಮುಗಿಸಿ ಮದುವೆಯಾದೆ ಎನ್ನಲು ಸಂಕೋಚವಾಗಿ, ನಮ್ಮಪ್ಪ ನಾಟಕದಲ್ಲಿ ಪ್ರಾಂಪ್ಟರ್ ಆಗಿದ್ದರು, ನಾನು ಅವರ ಪಕ್ಕ ಕೂತೇ ಬೆಳೆದೆ ಎಂದು ಅರೆಬರೆ ಸ್ವೀಡಿಷಿನಲ್ಲಿ ಹೇಳಿದೆ. ಅದು ಅವರಿಗೆ ನಮ್ಮ ಮನೆತನದ ಕುಲಕಸುಬೇ ಇದು ಎಂಬಂತೆ ಕೇಳಿಸಿತೋ ಏನೋ, ಮುಖ ಅರಳಿತು. ಕ್ಲಾಸಿನ ಉಳಿದ ಹೆಂಗಸರು ಬೇಕರಿಗೂ ವೃದ್ಧಾಶ್ರಮಕ್ಕೂ ಹೋದರು. ನನ್ನನ್ನು ನಟರಿಗೆ ಮಾತು ಹೇಳಿಕೊಡಲು ನಾಟಕಶಾಲೆಗೆ ಕಳಿಸಿದರು. ನಮ್ಮವರು ರಾತ್ರಿ ಊಟಕ್ಕೆ ಕೂತಾಗ ಬಿದ್ದು ಬಿದ್ದು ನಕ್ಕರು. "ನಿನ್ ಸ್ವೀಡಿಷ್ ಕೇಳಿದ್ರೆ ಅವ್ರು ಕಾಮಿಡಿ ನಾಟಕ ಅಂತ ಬೋರ್ಡ್ ಬದಲಾಯಿಸ್ತಾರೆ ನೋಡ್ತಿರು" ಎಂದರು.

ನಮ್ಮ ಎರಡನೆಯ ಚಳಿಗಾಲ ಅದು, ಹೊಸ ನಾಟಕದ ತಾಲೀಮು ಶುರುವಾಗಿತ್ತು. ಊರಿನ ನದಿಯಲ್ಲಿ ನಲವತ್ತು ವರ್ಷ ದೋಣಿ ನಡೆಸಿದ ಒಬ್ಬ ಮುದುಕ, ಸೇತುವೆ ಬಂದು ದೋಣಿ ನಿಲ್ಲುವ ದಿನ ಕೊನೆಯ ಸಲ ಜನರನ್ನು ದಾಟಿಸುವ ಕತೆ. ನಿರ್ದೇಶಕಿ ಮಾಲಿನ್ ಮೂವತ್ತೂ ದಾಟಿರದ ಹುಡುಗಿ, ಕೂದಲನ್ನು ಗಂಡುಹುಡುಗರ ಹಾಗೆ ಕತ್ತರಿಸಿಕೊಂಡಿದ್ದಳು. ದೋಣಿಯವನ ಪಾತ್ರಕ್ಕೆ ಆಕೆ ಆರಿಸಿದ್ದು ಆಲ್ಟನ್ ಎಂಬ ನಟರನ್ನು. ಎಪ್ಪತ್ತು ದಾಟಿದ ಆಫ್ರಿಕನ್ ಅಮೆರಿಕನ್, ಎತ್ತರದ ಆಳು, ಬಿಳಿ ಗಡ್ಡ, ಗುಡಿಯ ನಗಾರಿಯಂಥ ದನಿ. ಆ ಊರಿನಲ್ಲಿ ಅವರಿಗೆ ತುಂಬ ಗೌರವವಿತ್ತು. ಅವರು ಒಳಗೆ ಬಂದರೆ ಕಿರಿಯ ನಟರು ಮಾತು ನಿಲ್ಲಿಸುತ್ತಿದ್ದರು. ಅಲ್ಲಿ ಪ್ರಧಾನಮಂತ್ರಿಯನ್ನೂ ಹೆಸರು ಹಿಡಿದೇ ಕರೆಯುವುದು. ನನ್ನ ನಾಲಿಗೆ ಅದಕ್ಕೆ ಒಗ್ಗಲೇ ಇಲ್ಲ. ನಮ್ಮಪ್ಪನಿಗಿಂತ ಹಿರಿಯರನ್ನು ಬರೀ ಆಲ್ಟನ್ ಎನ್ನುವುದು ಹೇಗೆ? ಸರ್ ಎಂದೇ ಕರೆದೆ. ಅವರು ಬೆಚ್ಚಿ ತಿರುಗಿ ನೋಡಿ, ಆಮೇಲೆ ನಕ್ಕರು. ಈ ಪದವನ್ನು ರಂಗದ ಮೇಲೆ ತಾವು ಸಾವಿರ ಸಲ ಹೇಳಿರುವುದಾಗಿಯೂ ತಮಗೆ ಯಾರೂ ಹೇಳಿದ್ದು ನೆನಪಿಲ್ಲವೆಂದೂ ಹೇಳಿದರು.

ಈಗ ನನ್ನ ಮೊದಲ ದಿನದ ಫಜೀತಿಯ ಕತೆ. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರು. ಗಿರಣಿಯ ಕಾರ್ಮಿಕರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಮೂರು ಪಾಳಿಯಲ್ಲಿ ದುಡಿಯುವವರಿಗೆ ಮಾತು ಬಾಯಿಪಾಠ ಮಾಡಲು ಪುರುಸೊತ್ತೆಲ್ಲಿ? ಅಪ್ಪ ಸೈಡ್ ವಿಂಗಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ನಾಟಕದ ಒಂದೊಂದು ಮಾತನ್ನೂ ಮೊದಲಿಂದ ಕೊನೆಯವರೆಗೆ ಪಿಸುದನಿಯಲ್ಲಿ ಓದುತ್ತ ಹೋಗುತ್ತಿದ್ದರು. ಅದನ್ನು ಕಿವಿಯಲ್ಲಿ ಹಿಡಿದು ನಟ ತನ್ನ ಕಂಠದಲ್ಲಿ ಗುಡುಗುತ್ತಿದ್ದ. ಮಾತು ಮುಗಿಯುವ ಮುಂಚೆ ಮುಂದಿನ ಮಾತಿನ ತುದಿ ಕೊಡಬೇಕು, ಪೂರ್ತಿ ಕೊಟ್ಟರೆ ನಟ ಗಿಳಿಯಾಗುತ್ತಾನೆ, ತಡ ಮಾಡಿದರೆ ಕಂಬವಾಗುತ್ತಾನೆ ಎಂದು ಅಪ್ಪ ಹೇಳುತ್ತಿದ್ದರು. ಪ್ರಾಂಪ್ಟಿಂಗ್ ಅಂದರೆ ಜಗತ್ತಿನಲ್ಲೆಲ್ಲ ಇದೇ ಎಂದು ನಾನು ನಂಬಿದ್ದೆ. ಹಾಗಾಗಿ ಯೋಟೆಬೋರ್ಯಿನ ಆ ಗೋದಾಮಿನಲ್ಲಿ, ಪುಸ್ತಕ ಕೈಗೆ ಕೊಟ್ಟು ಶುರು ಎಂದ ಕೂಡಲೇ, ಆಲ್ಟನ್ ಸರ್ ಬಾಯಿ ತೆರೆಯುವ ಮುಂಚೆಯೇ ನಾನು ತಡವರಿಸುತ್ತ ಓದಲು ಹತ್ತಿದೆ. ಒಂದು ಮಾತು, ಎರಡು ಮಾತು, ಒಂದು ಪುಟ. ಎಲ್ಲರೂ ನನ್ನ ಕಡೆ ತಿರುಗಿದರು. ಮಾಲಿನ್ ಮೆತ್ತಗೆ ಬಂದು, ಇಲ್ಲಿ ಪ್ರಾಂಪ್ಟರ್ ಸುಮ್ಮನೆ ಕೂತಿರಬೇಕು, ನಟ ಮರೆತು ನಿಂತರೆ ಮಾತ್ರ ಒಂದು ಪದ ಕೊಡಬೇಕು ಎಂದು ಸಣ್ಣ ಮಗುವಿಗೆ ಹೇಳಿದ ಹಾಗೆ ಹೇಳಿದಳು. ಒಬ್ಬ ಹುಡುಗ ಕೆಮ್ಮುವ ನೆಪದಲ್ಲಿ ನಕ್ಕ. ನಾನು ನೆಲ ನೋಡುತ್ತ ಕೂತೆ.

ಫೀಕ, ಅಂದರೆ ಆ ದೇಶದವರು ದಿನಕ್ಕೆರಡು ಸಲ ಭಕ್ತಿಯಿಂದ ಆಚರಿಸುವ ಕಾಫಿ ವಿರಾಮ, ಬಂದಾಗ ನಾನು ಒಂದು ಮೂಲೆ ಹಿಡಿದಿದ್ದೆ. ಆಲ್ಟನ್ ಸರ್ ಎರಡು ಕಪ್ಪು ಹಿಡಿದು ಅಲ್ಲಿಗೇ ಬಂದರು. ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

"ನೀನು ಆಗ ಮಾಡಿದ್ಯಲ್ಲ, ಮುಂಚೇನೇ ಹೇಳೋದು. ನಿಮ್ಮೂರಲ್ಲಿ ಇಡೀ ನಾಟಕ ಹಾಗೇ ಹೇಳ್ತಾರಾ?"

"ಹೌದು ಸರ್. ತಪ್ಪಾಯ್ತು, ನಂಗೆ ಗೊತ್ತಿರ್ಲಿಲ್ಲ."

"ತಪ್ಪಲ್ಲ, ವೇಣಿ. ನಂಗೆ ಅದೇ ಬೇಕು. ಮಾಲಿನ್‌ಗೆ ಕೇಳಿಸದೆ ಇರೋ ಹಾಗೆ ಹೇಳ್ತೀಯಾ?"

ಒಂದು ಕಪ್ಪನ್ನು ನನ್ನ ಕೈಗಿಟ್ಟು, ದನಿ ತಗ್ಗಿಸಿ ತಮ್ಮ ವಿಷಯ ಹೇಳಿದರು. ಮರೆವು ಶುರುವಾಗಿತ್ತು. ಬೆಳಿಗ್ಗೆ ಗಟ್ಟಿ ಮಾಡಿದ ಮಾತು ಮಧ್ಯಾಹ್ನಕ್ಕೆ ಕೈಕೊಡುತ್ತಿತ್ತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದರಂತೆ, ಅದನ್ನೂ ಮರೆತಿದ್ದೇನೆ ಎಂದು ನಕ್ಕರು. ಮಾಲಿನ್‌ಗೆ ತಿಳಿದರೆ ಪಾತ್ರ ಬೇರೆಯವರ ಪಾಲಾಗುತ್ತದೆ, ಅದು ನ್ಯಾಯವೂ ಹೌದು ಎಂಬುದು ಅವರಿಗೆ ಗೊತ್ತಿತ್ತು. ಆದರೂ ಈ ಪಾತ್ರವನ್ನು ಬಿಡಲು ಅವರಿಂದ ಆಗುತ್ತಿರಲಿಲ್ಲ. ಅದೇಕೆ ಎಂದು ನನಗೆ ತಿಳಿದದ್ದು ಅವರ ಮನೆಗೆ ಹೋಗತೊಡಗಿದ ಮೇಲೆ.

ತಾಲೀಮು ಇಲ್ಲದ ಬೆಳಗುಗಳಲ್ಲಿ ಅವರ ಮನೆಯ ಅಡುಗೆಕೋಣೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೆವು. ಕಿಟಕಿಯಿಂದ ನದಿ ಕಾಣುತ್ತಿತ್ತು, ಮಂಜು ಇಲ್ಲದ ದಿನ ಆಚೆ ದಡದ ಕ್ರೇನುಗಳೂ. ಅವರು ಮಾತಿನ ನಡುವೆ ತಮ್ಮ ಬದುಕನ್ನು ಹೇಳುತ್ತಿದ್ದರು. ಹುಟ್ಟಿದ್ದು ಅಮೆರಿಕದ ದಕ್ಷಿಣದ ಒಂದು ಸಣ್ಣ ಊರು. ತಾಯಿ ಬಿಳಿಯರ ಮನೆಯ ಬಟ್ಟೆ ಇಸ್ತ್ರಿ ಮಾಡಿ ಸಾಕಿದರು. ಚರ್ಚಿನ ಹಬ್ಬದ ನಾಟಕದಲ್ಲಿ ಕುರುಬನ ವೇಷ ಹಾಕಿದ ಹುಡುಗ ನ್ಯೂಯಾರ್ಕಿಗೆ ಓಡಿದ. ಅಲ್ಲಿ ಸಿಕ್ಕ ಪಾತ್ರಗಳು ಲಿಫ್ಟಿನವನು, ರೈಲಿನ ಹಮಾಲಿ, ದೊಡ್ಡ ಮನೆಯ ಆಳು. ತಟ್ಟೆ ಹಿಡಿದು ಒಳಗೆ ಬಾ, ಯೆಸ್ ಸರ್ ಅನ್ನು, ಹೊರಗೆ ಹೋಗು. ಅಷ್ಟರಲ್ಲೇ ಅವರು ಏನು ಮಾಡುತ್ತಿದ್ದರೋ, ಕೊನೆಯ ಸಾಲಿನ ಜನ ಅವರನ್ನು ನೆನಪಿಟ್ಟುಕೊಳ್ಳುತ್ತಿದ್ದರಂತೆ. ಆಮೇಲೆ ಒಂದು ತಂಡದ ಜೊತೆ ಯುರೋಪಿಗೆ ಬಂದವರು, ತಂಡ ಹಡಗು ಹತ್ತಿದರೂ ಇವರು ಹತ್ತಲಿಲ್ಲ. ನಾಟಕದ ಬಟ್ಟೆ ಹೊಲಿಯುತ್ತಿದ್ದ ಗುನಿಲ್ಲಾ ಎಂಬಾಕೆ ಕಾರಣ. ಆಕೆಯೇ ಕೈಹಿಡಿದು ಸ್ವೀಡಿಷ್ ಕಲಿಸಿದ್ದು. ಆಕೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆಲ್ಟನ್ ಸರ್ ಕಾಫಿ ಮಾಡುವಾಗ ಮೇಜಿನ ಮೇಲೆ ಮೂರು ಕಪ್ಪು ಇಡುತ್ತಿದ್ದರು. ಆಮೇಲೆ ನೆನಪಾಗಿ ಒಂದನ್ನು ಕಪಾಟಿಗೆ ಸೇರಿಸುತ್ತಿದ್ದರು.

ಸ್ವೀಡನ್ ಅವರನ್ನು ಚೆನ್ನಾಗಿಯೇ ನೋಡಿಕೊಂಡಿತು. ಟಿವಿಯಲ್ಲಿ ಬಂದರು, ಪ್ರಶಸ್ತಿ ಬಂತು, ನಟನೆ ಕಲಿಸುವ ಶಾಲೆಯಲ್ಲಿ ಪಾಠ ಹೇಳಿದರು. ಪಾತ್ರಗಳು ಮಾತ್ರ ಅಮೆರಿಕದ ನಾವಿಕ, ತುತ್ತೂರಿ ಊದುವವನು, ಆಫ್ರಿಕದಿಂದ ಬಂದ ಡಾಕ್ಟರು, ಯಾವುದೋ ದೇಶದ ರಾಯಭಾರಿ. ಪತ್ರಿಕೆಗಳು ಹೊಗಳುವಾಗಲೂ ಅವರ ಅಮೆರಿಕನ್ ಉಚ್ಚಾರದ ಮಾತೊಂದು ಇರಲೇಬೇಕು. ಮಕ್ಕಳ ಕಾರ್ಟೂನೊಂದರ ಕರಡಿಗೆ ಅವರದೇ ದನಿ. ನನ್ನ ಮಗ ಒಮ್ಮೆ ಅವರ ಮನೆಗೆ ಬಂದವನು, ಅವರು ಬಾಗಿಲು ತೆಗೆದು ಮಾತಾಡಿದ್ದೇ ತಡ, ಕರಡಿ ಕರಡಿ ಎಂದು ಸ್ವೀಡಿಷಿನಲ್ಲಿ ಕಿರುಚಿ ಅವರ ಕಾಲು ತಬ್ಬಿಕೊಂಡಿದ್ದ. ಆ ಕರಡಿ ಕೂಡ ಬೇರೆ ಕಾಡಿನಿಂದ ಬಂದ ಕರಡಿ ಎಂದು ಆಲ್ಟನ್ ಸರ್ ಹೇಳಿದಾಗ ನಾನು ನಕ್ಕೆ. ಅವರು ನಗಲಿಲ್ಲ.

"ನಮ್ಮಮ್ಮ ಇದ್ದ ಬೀದಿ ಈಗಿಲ್ಲ, ಅದರ ಮೇಲೆ ಹೈವೇ ಹೋಗಿದೆ" ಎಂದರು. "ಈ ಊರಲ್ಲಿ ನನ್ನ ಅರ್ಧ ಆಯಸ್ಸು ಕಳೀತು. ಒಂದು ನಾಟಕದಲ್ಲಾದ್ರೂ ನಾನು ಈ ಊರವನಾಗಿಲ್ಲ, ವೇಣಿ. ಈ ದೋಣಿಯವನು ಇಲ್ಲೇ ಹುಟ್ಟಿದವನು. ಇವನೊಬ್ಬನಾಗಿ ಮುಗಿಸಬೇಕು."

ಅಂದಿನಿಂದ ನನಗೂ ಅದೊಂದು ಹಟವಾಯಿತು. ಸ್ವೀಡಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ಪುಸ್ತಕ ನೋಡಿ ಸರಾಗವಾಗಿ ಪಿಸುಗುಟ್ಟುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ. ನಾಟಕದ ಪ್ರತಿಯೊಂದು ಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಏಳು ಎಂಬ ಸಂಖ್ಯೆಗೆ ಅಲ್ಲಿಯವರು ಹೇಳುವ ಶಬ್ದವಂತೂ ನಮ್ಮ ಯಾವ ಅಕ್ಷರಕ್ಕೂ ಸಿಗದೆ, ದೀಪ ಊದಿ ಆರಿಸುವ ಹಾಗೆ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿದೆ. ನಾನು ಹೇಳಿಕೊಡುವುದು, ಅವರು ಹಿಡಿಯುವುದು. ಕಿವಿಯಿಂದ ಹಿಡಿದ ಮಾತಿಗೆ ಹೇಳಿಕೊಟ್ಟವರ ರಾಗವೂ ಅಂಟಿಕೊಂಡು ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸ್ವೀಡನ್ನಿನ ದೋಣಿಯವನ ಬಾಯಲ್ಲಿ ದಾವಣಗೆರೆಯ ಎಳೆತ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಆ ಊರಲ್ಲಿ ಅದು ಅರ್ಥವಾಗುವ ಕಿವಿಗಳೆಂದರೆ ನಮ್ಮವರದೊಂದೇ ಜೊತೆ, ಅವೂ ಬ್ರೇಕಿನ ಚಿಂತೆಯಲ್ಲಿದ್ದವು.

ಕದ್ದು ಮಾಡುವ ಕೆಲಸ ಎಷ್ಟು ದಿನ ನಡೆದೀತು? ಮೊದಲ ಪ್ರದರ್ಶನಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ, ಸೈಡ್ ವಿಂಗಿನಲ್ಲಿ ಓದಿನಲ್ಲೇ ಮುಳುಗಿದ್ದ ನನಗೆ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ಮಾಲಿನ್. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ದೃಶ್ಯ ಮುಗಿಯುವವರೆಗೆ ಅಲುಗಾಡಲಿಲ್ಲ. ಆಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋದಳು. ಎಲ್ಲ ಮಾತೂ ಹೇಳಿಕೊಡುತ್ತಿದ್ದೀಯಾ ಎಂದಳು. ಹೌದು ಎಂದೆ.

"ಅವರಿಗೆ ಬರೋ ಮಾತನ್ನೂ?"

"ಯಾವುದು ಬರುತ್ತೆ, ಯಾವುದು ಬರಲ್ಲ ಅಂತ ಅವರಿಗೇ ಗೊತ್ತಾಗಲ್ಲ, ಮಾಲಿನ್."

ಆಕೆಯ ಕಣ್ಣು ಕೆಂಪಾಯಿತು. ತಿರುಗಿ ಒಳಗೆ ಹೋದಳು. ಅಲ್ಲಿಯವರ ಮನಸ್ಸನ್ನು ಮುಖದಲ್ಲಿ ಓದುವುದು ನನಗೆ ಕೊನೆಯವರೆಗೂ ಬರಲಿಲ್ಲ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಆಲ್ಟನ್ ಸರ್‌ಗೆ ಫೋನ್ ಮಾಡಲು ಎರಡು ಸಲ ಕೈಗೆತ್ತಿಕೊಂಡು, ಏನೆಂದು ಹೇಳಲಿ ಎಂದು ಇಟ್ಟುಬಿಟ್ಟೆ. ಬೆಳಿಗ್ಗೆ ನನ್ನ ಪುಸ್ತಕ ಒಪ್ಪಿಸಿ ಬಂದುಬಿಡೋಣ ಎಂದು ಹೋದರೆ, ರಂಗದ ನಡುವೆ ನಿಂತಿದ್ದ ಮರದ ದೋಣಿಯ ಕ್ಯಾಬಿನ್ನಿಗೆ ಒಳಗಡೆ ಕರಿ ಬಟ್ಟೆ ಹೊದಿಸಿದ್ದರು. ಒಳಗೊಂದು ಕುರ್ಚಿ, ಸಣ್ಣ ದೀಪ, ಕಾಲಿಗೆ ಹೊದೆಯಲು ಕಂಬಳಿ. ಗೋಡೆಯಲ್ಲಿ ನಟನ ಕಿವಿಯ ಎತ್ತರಕ್ಕೆ ಸರಿಯಾಗಿ ಒಂದು ಕಿಂಡಿ ಕೊರೆದಿದ್ದರು. ಮಾಲಿನ್ ಕಾಫಿ ಕುಡಿಯುತ್ತ ದೂರದಲ್ಲಿ ನಿಂತಿದ್ದಳು. ಆ ದಿನದಿಂದ ನಾನು ದೋಣಿಯೊಳಗೆ ಕೂತೆ.

ಫೆಬ್ರವರಿಯಲ್ಲಿ ನಾಟಕ ಶುರುವಾಯಿತು. ಸಂಜೆ ಲೈಟು ಬಿದ್ದೊಡನೆ ಆ ಸುಟ್ಟ ಧೂಳಿನ ವಾಸನೆ ಕಿಂಡಿಯಿಂದ ಒಳಗೆ ಬರುತ್ತಿತ್ತು. ನದಿಯ ಸದ್ದು, ಗಾಳಿಯ ಸದ್ದು ಸ್ಪೀಕರಿನಲ್ಲಿ. ಅದರಡಿಯಲ್ಲಿ ನನ್ನ ಪಿಸುಮಾತು, ನನ್ನ ಪಿಸುಮಾತಿನ ಮೇಲೆ ಅವರ ಆ ದೊಡ್ಡ ದನಿ. ಕೆಲವು ದಿನ ಅವರಿಗೆ ಎಲ್ಲವೂ ನೆನಪಿರುತ್ತಿತ್ತು, ಕೆಲವು ದಿನ ಏನೂ ಇರುತ್ತಿರಲಿಲ್ಲ. ಮರೆತಾಗ ಹುಬ್ಬು ಗಂಟಿಕ್ಕಿ, ಜೇಬಿನಲ್ಲಿ ಕೀಲಿಕೈ ಹುಡುಕುವವರ ಹಾಗೆ ಮುಖ ಆಗುತ್ತಿತ್ತು. ಮಾತಿನ ತುದಿ ಸಿಕ್ಕಿದ ಕೂಡಲೇ ಗಂಟು ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ಹತ್ತಿರದಿಂದ ನಾನು ಬೇರೆ ಯಾರ ಮುಖವನ್ನೂ ನೋಡಿಲ್ಲ, ನಮ್ಮವರದನ್ನೂ.

ಪತ್ರಿಕೆಗಳು ಹೊಗಳಿದವು. ಯಾರೂ ಅಮೆರಿಕನ್ ಉಚ್ಚಾರದ ಸುದ್ದಿ ಎತ್ತಲಿಲ್ಲ. ಒಂದು ಸಂಜೆ ನಾಟಕ ಮುಗಿದ ಮೇಲೆ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದರು. ಊರಿನ ಎದುರು ಸಮುದ್ರದಲ್ಲಿ ಚೂರು ಚೂರು ದ್ವೀಪಗಳಿವೆ, ಆಕೆ ಅಲ್ಲಿ ಹುಟ್ಟಿದವರು. ದೃಷ್ಟಿ ಮಂದವಾಗಿದ್ದರಿಂದ ನಾಟಕವನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರಂತೆ. ಆಲ್ಟನ್ ಸರ್ ಕೈ ಹಿಡಿದು, ನಮ್ಮ ತಾತ ಹೀಗೇ ಎಳೆದೆಳೆದು ಮಾತಾಡುತ್ತಿದ್ದ, ನೀವು ಯಾವ ದ್ವೀಪದವರು ಎಂದು ಕೇಳಿದರು. ನಾನು ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿದೆ. ನಮ್ಮ ದಾವಣಗೆರೆ ಅಲ್ಲಿ ಸಮುದ್ರದ ನಡುವೆ ಎದ್ದು ನಿಂತಿತ್ತಲ್ಲ! ಆಲ್ಟನ್ ಸರ್ ಆ ಮುದುಕಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಟ್ರಾಮಿನಲ್ಲಿ ಹೋಗುವಾಗ "ನನ್ನನ್ನ ದ್ವೀಪದವನು ಅಂದ್ಲು" ಎಂದು ಹೇಳಿದರು. ಮರುದಿನ ಬಂದು, ನಿನಗೆ ಗೊತ್ತಾ ವೇಣಿ ಎಂದು ಮೊದಲಿಂದ ಹೇಳಿದರು. ಅದರ ಮರುದಿನವೂ ಹೇಳಿದರು. ನಾನು ಪ್ರತಿ ಸಲವೂ ಹೌದಾ ಸರ್ ಎಂದು ಕೇಳಿದೆ.

ಮಾರ್ಚ್ ಕೊನೆಗೆ ಬೆಳಕು ಮರಳಿ ಬರತೊಡಗಿತು. ಸಂಜೆ ನಾಟಕಶಾಲೆಗೆ ಹೋಗುವಾಗಲೂ ನದಿ ಹೊಳೆಯುತ್ತಿತ್ತು. ನಮ್ಮವರ ಕೆಲಸದ ಅವಧಿ ಮುಗಿದು ಬೆಂಗಳೂರಿಗೆ ಟಿಕೆಟ್ ಆಗಿತ್ತು. ಎರಡು ಚಳಿಗಾಲ ಊರು ಊರು ಎಂದು ಹಲುಬಿದವಳಿಗೆ ಹೊರಡುವ ದಿನ ಹತ್ತಿರ ಬಂದಾಗ ಸೂಟ್‌ಕೇಸು ತೆರೆಯುವ ಮನಸ್ಸೇ ಆಗಲಿಲ್ಲ. ಆಲ್ಟನ್ ಸರ್ ಇನ್ನು ರಂಗಕ್ಕೆ ಬರುವುದಿಲ್ಲ ಎಂಬುದನ್ನು ಮಾಲಿನ್ ಮತ್ತು ಅವರು ಕೂತು ಮಾತಾಡಿಕೊಂಡಿದ್ದರು. ಕೊನೆಯ ಪ್ರದರ್ಶನದ ದಿನ ನಿಲ್ಲಲೂ ಜಾಗವಿರಲಿಲ್ಲ. ನಮ್ಮವರೂ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

ಅವತ್ತು ಅವರು ಎಲ್ಲಿಯೂ ತಡವರಿಸಲಿಲ್ಲ. ನಾನು ತುದಿ ಕೊಡುವ ಮುಂಚೆಯೇ ಮಾತು ಬರುತ್ತಿತ್ತು. ನಾಟಕದ ಕೊನೆಗೆ ಜನರೆಲ್ಲ ದೋಣಿ ಹತ್ತಿ ಕೂತಿರುತ್ತಾರೆ, ಮುದುಕ ದಡದ ಹುಡುಗನಿಗೆ ಹಗ್ಗ ಬಿಚ್ಚು ಎನ್ನುತ್ತಾನೆ, ದೀಪ ಆರುತ್ತದೆ. ಸ್ವೀಡಿಷಿನಲ್ಲಿ ಎರಡೇ ಪದ, ಕಾಸ್ತ ಲೊಸ್. ಅದನ್ನು ಅವರು ಎಂಥ ಕೆಟ್ಟ ದಿನದಲ್ಲೂ ಮರೆತಿರಲಿಲ್ಲ. ಅವತ್ತು ಆ ಜಾಗಕ್ಕೆ ಬಂದು ನಿಂತುಬಿಟ್ಟರು. ನಾನು ಹೇಳಿದೆ. ಅವರು ಹಿಡಿಯಲಿಲ್ಲ. ಕಿಂಡಿಗೆ ಬಾಯಿಟ್ಟು ಇನ್ನೊಮ್ಮೆ ಹೇಳಿದೆ. ಸಭೆಯಲ್ಲಿ ಒಂದು ಕೆಮ್ಮೂ ಇಲ್ಲ. ದೂರದಲ್ಲಿ ಮಾಲಿನ್ ಎದ್ದು ನಿಂತದ್ದು ಕಂಡಿತು. ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಕೊನೆಯ ಎರಡು ಪದಕ್ಕೆ ಹೋಯಿತಲ್ಲ ದೇವರೇ ಎಂದುಕೊಂಡೆ. ಕಿಂಡಿಯಿಂದ ಅವರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿರಲಿಲ್ಲ. ಹುಡುಕಾಟದ ಲಕ್ಷಣವೇ ಇರಲಿಲ್ಲ. ಅವರು ನನ್ನತ್ತ ಓರೆಯಾಗಿ ನೋಡಿ, ದನಿಯಿಲ್ಲದೆ ತುಟಿಯಲ್ಲಿ ಆ ಎರಡು ಪದ ಆಡಿ ತೋರಿಸಿದರು.

ನಾನು ಪುಸ್ತಕ ಮುಚ್ಚಿದೆ. ಅವರು ಬಣ್ಣ ಬಳಿದ ನೀರನ್ನು ನೋಡಿದರು. ದೋಣಿಯ ಜನರನ್ನು ಒಬ್ಬೊಬ್ಬರಾಗಿ ನೋಡಿದರು. ಮೇಲಿನ ಲೈಟುಗಳ ಕಡೆ ಮುಖವೆತ್ತಿ ಕಣ್ಣು ಮುಚ್ಚಿದರು. ಕತ್ತಲಲ್ಲಿ ಕೂತ ಊರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆ ಹೊತ್ತು ಮುಗಿಯದೆ ಹಾಗೇ ಇರಲಿ ಎಂದು ಆ ಡಬ್ಬಿಯಂಥ ಕ್ಯಾಬಿನ್ನಿನಲ್ಲಿ ಕೂತು ನಾನು ಬೇಡಿಕೊಂಡೆ. ಆಮೇಲೆ ಅವರು ಹಗ್ಗ ಬಿಚ್ಚಲು ಹೇಳಿದರು. ಎಳೆದು, ಮೆಲ್ಲಗೆ. ದೀಪ ಆರಿತು.

ಚಪ್ಪಾಳೆ ನಿಂತು, ಜನ ಕರಗಿ, ಹುಡುಗರು ಸೆಟ್ಟಿನ ಮೊಳೆ ಕೀಳಲು ಶುರು ಮಾಡಿದ ಮೇಲೆ ನಾನು ಗ್ರೀನ್ ರೂಮಿಗೆ ಹೋದೆ. ಆಲ್ಟನ್ ಸರ್ ಕನ್ನಡಿಯ ಮುಂದೆ ಬಣ್ಣ ಒರೆಸಿಕೊಳ್ಳುತ್ತಿದ್ದರು. ನಾನು ನಮ್ಮ ಪದ್ಧತಿಯಂತೆ ಕಾಲು ಮುಟ್ಟಿ ನಮಸ್ಕರಿಸಿದೆ. ಅವರಿಗೆ ಅದೇನೆಂದು ತಿಳಿಯದೆ, ಏನಾದರೂ ಬಿತ್ತೇ ಎಂದು ಬಗ್ಗಿ ನೋಡಿದರು. ಆಮೇಲೆ ಕನ್ನಡಿಯಲ್ಲೇ ನನ್ನನ್ನು ನೋಡುತ್ತ ಕೇಳಿದರು.

"ಕೊನೇಲಿ ತುಂಬ ಹೊತ್ತು ನಿಂತುಬಿಟ್ನಾ?"

"ಇಲ್ಲ ಸರ್. ಸ್ವಲ್ಪ ಹೊತ್ತು."

ಅವರು ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ಇನ್ನೂ ಸ್ವಲ್ಪ ನಿಲ್ಲಬಹುದಾಗಿತ್ತು" ಎಂದರು.